ಹನ್ನೊಂದನೆಯ ಹೆಸರು

ಇಪ್ಪತ್ತಾರು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಹೆದರಿಕೆ ಎನ್ನುವುದು ತಿಳಿಯದವರ ಕಾಯಿಲೆ ಎಂದು ತರಗತಿಯಲ್ಲಿ ಡಸ್ಟರ್ ಬಡಿದು ಎಷ್ಟು ಸಲ ಹೇಳಿದ್ದೇನೋ. ಈಗ ಫೋನು ಹೊಡೆದುಕೊಂಡರೆ ಎತ್ತುವ ಮೊದಲು ನಂಬರನ್ನು ಎರಡೆರಡು ಸಲ ಓದುತ್ತೇನೆ. ಮನೆಯೆದುರು ಯಾರಾದರೂ ಬೈಕ್ ನಿಲ್ಲಿಸಿದರೆ ಪರದೆ ಸರಿಸಿ ನೋಡುತ್ತೇನೆ. ನನ್ನ ಗಂಡ ವಿಠಲ "ನಿನಗೆ ಎಂತ ಆಗಿದೆ ಮಾರಾಯ್ತಿ" ಎಂದು ಕೇಳಿ ಕೇಳಿ ಸುಸ್ತಾಗಿದ್ದಾರೆ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಹಗುರಾಗುತ್ತದೆ ಎಂಬ ಭ್ರಮೆ ಏನೂ ನನಗಿಲ್ಲ.

ಅದು ಎರಡು ಸಾವಿರದ ಇಪ್ಪತ್ತೊಂದರ ಜೂನ್. ಶಾಲೆಗಳು ಮುಚ್ಚಿದ್ದವು, ಮೇಷ್ಟ್ರುಗಳಿಗೆ ಮಾತ್ರ ರಜೆ ಇರಲಿಲ್ಲ. ಕೆಲವರನ್ನು ಹೆಜಮಾಡಿಯ ಜಿಲ್ಲಾ ಗಡಿಗೆ ಹಾಕಿದ್ದರು, ಕಾರು ನಿಲ್ಲಿಸಿ ಪಾಸ್ ಕೇಳುವುದಕ್ಕೆ. ನನ್ನನ್ನು ಕಾಪುವಿನ ನಮ್ಮ ಶಾಲೆಯಲ್ಲೇ ನಡೆಯುತ್ತಿದ್ದ ಲಸಿಕೆ ಶಿಬಿರದ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಂಬಲಪಾಡಿಯ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೊರಟರೆ ದಾರಿಯಲ್ಲಿ ಎರಡು ಕಡೆ ಪೊಲೀಸರು. ಕೊರಳಲ್ಲಿದ್ದ ಗುರುತಿನ ಚೀಟಿ ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದೆ. ಸುಳ್ಳು ಯಾಕೆ, ಆ ಚೀಟಿ ತೋರಿಸುವಾಗ ಸ್ವಲ್ಪ ಜಂಬವೂ ಇತ್ತು.

ನಮ್ಮ ಕೆಲಸದ ಕ್ರಮ ಹೀಗೆ. ಕೋವಿಶೀಲ್ಡಿನ ಒಂದು ಬಾಟಲಿಯಲ್ಲಿ ಹತ್ತು ಜನರಿಗೆ ಆಗುವಷ್ಟು ಲಸಿಕೆ. ಹತ್ತು ಜನ ಬೆಂಚಿನಲ್ಲಿ ಕೂರುವವರೆಗೆ ನಮ್ಮ ಶಿಬಿರದ ನರ್ಸ್ ಶಾರ್ಲೆಟ್ ಸಿಸ್ಟರ್ ಬಾಟಲಿ ತೆರೆಯುತ್ತಿರಲಿಲ್ಲ. ತೆರೆದ ಮೇಲೆ ನಾಲ್ಕು ಗಂಟೆಯ ಒಳಗೆ ಮುಗಿಸಬೇಕು, ಉಳಿದರೆ ಎಸೆಯಬೇಕು. ಸಿಸ್ಟರ್ ಚುಚ್ಚುವುದು, ನಾನು ಕಂಪ್ಯೂಟರಿನಲ್ಲಿ ಆ ಹೆಸರಿನ ಎದುರು 'ಕೊಡಲಾಗಿದೆ' ಎಂದು ಒತ್ತುವುದು. ಸೂಜಿ ಬಿದ್ದ ಮೇಲೆಯೇ ಒತ್ತಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಮಳೆ ಜೋರಾದರೆ ನೆಟ್ ಹೋಗುತ್ತದೆ, ಜನ ಗಂಟೆಗಟ್ಟಲೆ ಕಾದು ಜಗಳಕ್ಕೆ ಬರುತ್ತಾರೆ. ಹಾಗಾಗಿ ನಾನು ನೆಟ್ ಇರುವಾಗಲೇ ಬೆಂಚಿನಲ್ಲಿ ಕೂತ ಹತ್ತೂ ಜನರ ಹೆಸರನ್ನು ಒಟ್ಟಿಗೆ ಒತ್ತಿಬಿಡುತ್ತಿದ್ದೆ. ಎದುರಿಗೇ ಕೂತಿದ್ದಾರೆ, ಎಲ್ಲಿಗೆ ಓಡಿಹೋಗುತ್ತಾರೆ ಎಂದು ನನ್ನ ಲೆಕ್ಕ.

ಬರುವವರನ್ನು ಬರುವಂತೆ ಮಾಡುವುದೇ ದೊಡ್ಡ ಕೆಲಸವಾಗಿತ್ತು. ಟಿವಿಯಲ್ಲಿ ಎಂಟು ಜನ ಎಂಟು ಚೌಕದೊಳಗೆ ಕೂತು ಕಿರುಚುತ್ತಿದ್ದರು. ಲಸಿಕೆ ಸಾಕಷ್ಟು ಉಂಟು ಎಂದು ಒಬ್ಬ, ಎಲ್ಲಿ ಉಂಟು ತೋರಿಸಿ ಎಂದು ಇನ್ನೊಬ್ಬ. ವಾಟ್ಸಾಪಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಅಭಿಪ್ರಾಯ, ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ. ಕಾಪುವಿನ ಕಡಲ ಬದಿಯಲ್ಲಿ ಬಲೆ ಕಟ್ಟುವ ದೊಡ್ಡ ಶೆಡ್ ಒಂದುಂಟು. ಮೀನು ಮಾರುವ ಹೆಂಗಸರನ್ನು ಅಲ್ಲಿ ಸೇರಿಸಿ ನನ್ನನ್ನು ಮಾತಾಡಲು ಕರೆದರು.

"ಟೀಚರ್, ಸೂಜಿ ಹಾಕಿಸಿದ ಕೈಗೆ ಚಮಚ ಅಂಟಿಕೊಳ್ತದಂತೆ. ವಿಡಿಯೋ ಉಂಟು ನನ್ನ ಹತ್ತಿರ" ಎಂದಳು ಗುಲಾಬಿ. ಅವಳು ಬುಟ್ಟಿ ಹೊತ್ತು ಕಾರ್ಕಳದವರೆಗೆ ಹೋಗಿ ಮಾರುವವಳು, ಬಾಯಿ ಜೋರು.

"ನಿಮಗೆ ಹಾಕಿಸಿ ಆಗಿದೆಯಾ?"

"ನನಗೆಂತಕ್ಕೆ? ಇಲ್ಲ."

ನಾನು ಬ್ಯಾಗಿನ ಬುತ್ತಿಯಿಂದ ಚಮಚ ತೆಗೆದು ಅವಳ ಬೆವೆತ ತೋಳಿಗೆ ಒತ್ತಿದೆ. ಅಂಟಿಕೊಂಡು ನಿಂತಿತು. ಇಡೀ ಶೆಡ್ ನಕ್ಕಿತು. ಗುಲಾಬಿಯೂ ನಕ್ಕಳು. ಆ ನಗುವಿನ ನಡುವೆ ಹಿಂದಿನ ಸಾಲಿನಿಂದ ಸುಂದರಿ ಎದ್ದು ನಿಂತಳು. ಐವತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆ ಬೇರೆ. ಅವಳ ಮಗಳು ಧೃತಿ ಹತ್ತನೆಯವರೆಗೆ ನನ್ನ ವಿದ್ಯಾರ್ಥಿನಿ, ಆಗ ಬಿ.ಕಾಂ. ಓದುತ್ತಿದ್ದಳು.

"ನನಗೆ ಹೆದರಿಕೆ ಉಂಟು ಟೀಚರ್" ಎಂದಳು ಸುಂದರಿ. "ಆದರೆ ನನ್ನ ಮಗಳಿಗೆ ನೀವು ಸುಳ್ಳು ಕಲಿಸಲಿಲ್ಲ. ನೀವು ಹೇಳ್ತೀರಿ ಅಂತಾದರೆ ನಾನು ಬರ್ತೇನೆ."

ಅವಳು ಹೂಂ ಎಂದದ್ದೇ, ಒಂಬತ್ತು ಜನ ಕೈಯೆತ್ತಿದರು. ಆ ಸಾಲಿಗೆ ಹತ್ತನೆಯವಳು ಸುಂದರಿಯೇ.

ಇನ್ನು ನನ್ನ ತಮ್ಮನ ಕಥೆ. ವಿನೀತ್ ಕುವೈತಿನಲ್ಲಿ ಕ್ರೇನ್ ಆಪರೇಟರ್, ಹದಿನೇಳು ವರ್ಷದಿಂದ ಅಲ್ಲೇ. ಅಪ್ಪ ತೀರಿಕೊಂಡದ್ದಕ್ಕೆ ಜನವರಿಯಲ್ಲಿ ಊರಿಗೆ ಬಂದವನು ವಿಮಾನ ನಿಂತು ಕಾಪುವಿನ ನಮ್ಮ ತವರುಮನೆಯಲ್ಲೇ ಸಿಕ್ಕಿಬಿದ್ದ. ಏಪ್ರಿಲಿನಲ್ಲಿ ಅವನನ್ನು ಎಳೆದುಕೊಂಡು ಹೋಗಿ ಕೋವ್ಯಾಕ್ಸಿನ್ ಹಾಕಿಸಿದ್ದು ನಾನೇ. ಯಾವುದು ಸಿಕ್ಕಿದರೂ ಒಂದೇ, ತಡ ಮಾಡಬೇಡ ಎಂದು ಗದರಿದ್ದೂ ನಾನೇ. ಮೇ ತಿಂಗಳಲ್ಲಿ ಎರಡನೆಯ ಡೋಸೂ ಆಯಿತು. ಜೂನ್ ಮಧ್ಯದಲ್ಲಿ ಕುವೈತಿನವರು ಆಗಸ್ಟಿನಿಂದ ಒಳಗೆ ಬಿಡುತ್ತೇವೆ ಎಂದು ಹೇಳಿ, ಯಾವ ಯಾವ ಲಸಿಕೆ ಆಗುತ್ತದೆ ಎಂದು ಪಟ್ಟಿ ಹಾಕಿದರು. ಅದರಲ್ಲಿ ಕೋವಿಶೀಲ್ಡ್ ಇತ್ತು, ಕೋವ್ಯಾಕ್ಸಿನ್ ಇರಲಿಲ್ಲ. ಆಗಸ್ಟಿನಲ್ಲಿ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿಯಿಂದ ಕಾಗದ ಬಂತು.

"ಅಕ್ಕ, ಆಧಾರ್ ಬಿಟ್ಟು ಪಾಸ್‌ಪೋರ್ಟ್ ಕೊಟ್ಟರೆ, ಬೇರೆ ಫೋನ್ ನಂಬರ್ ಹಾಕಿದರೆ ನಾನು ಹೊಸಬ ಅಂತ ಆಗ್ತದೆ. ಗಲ್ಫಿನವರು ಎಷ್ಟೋ ಜನ ಹಾಗೆ ಮಾಡಿದ್ದಾರೆ" ಎಂದು ವಿನೀತ್ ಹಿಂದೆ ಬಿದ್ದ. "ಕೋವಿಶೀಲ್ಡ್ ಎರಡು ಡೋಸ್. ವಿದೇಶಕ್ಕೆ ಹೋಗುವವರಿಗೆ ಇಪ್ಪತ್ತೆಂಟು ದಿನಕ್ಕೇ ಎರಡನೆಯದು ಕೊಡ್ತಾರೆ."

"ಎರಡು ಸೂಜಿ ಹಾಕಿಸಿಕೊಂಡ ಮೈಗೆ ಇನ್ನೂ ಎರಡಾ? ಒಳಗೆ ಎಂತ ಆಗ್ತದೆ ಅಂತ ಯಾರಿಗೆ ಗೊತ್ತುಂಟು? ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗ್ತದೆ."

"ಹಾಗಾದರೆ ನನ್ನ ಕೆಲಸ ಹೋಗಲಿ, ಅಲ್ವಾ?"

ನಾನು ಸ್ಕೂಟರ್ ಹತ್ತಿ ಮನೆಗೆ ಹೊರಟೆ. ಆದರೆ ಅವನು ಕಳಿಸಿದ ಪಾಸ್‌ಪೋರ್ಟಿನ ಫೋಟೋ ನನ್ನ ಫೋನಿನಲ್ಲಿ ಉಳಿಯಿತು. ಅಳಿಸಿರಲಿಲ್ಲ.

ಜೂನ್ ಇಪ್ಪತ್ತೆರಡು, ಮಂಗಳವಾರ. ಹನ್ನೆರಡು ಗಂಟೆಗೆ ಹತ್ತು ಹೆಂಗಸರು ಬೆಂಚಿನಲ್ಲಿ ಕೂತರು. ನೆಟ್ ಚೆನ್ನಾಗಿತ್ತು. ಹತ್ತೂ ಹೆಸರು ಒತ್ತಿದೆ. ಶಾರ್ಲೆಟ್ ಸಿಸ್ಟರ್ ಬಾಟಲಿ ತೆರೆದು ಒಂಬತ್ತು ಜನರಿಗೆ ಚುಚ್ಚಿದರು. ಸುಂದರಿಯ ಸರದಿ ಬಂದಾಗ ಅವಳು ಸೆರಗು ಬಿಗಿಹಿಡಿದು ನನ್ನ ಮೇಜಿನ ಬಳಿ ಬಂದಳು.

"ಟೀಚರ್, ಇವತ್ತು ಮಂಗಳವಾರ ಅಲ್ವಾ. ಮಾರಿಯಮ್ಮನಿಗೆ ಒಂದು ಚೆಂಡು ಮಲ್ಲಿಗೆ ಹರಕೆ ಹೇಳಿಕೊಂಡಿದ್ದೇನೆ. ಒಪ್ಪಿಸಿ ಬಂದು ಹಾಕಿಸ್ತೇನೆ. ಗಂಧ ಹಚ್ಚಿಕೊಂಡರೆ ನನಗೆ ಧೈರ್ಯ ಬರ್ತದೆ."

ಕಾಪುವಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಸಿಡುಬು ಬಂದಾಗಲೂ ಕಾಲರಾ ಬಂದಾಗಲೂ ನಮ್ಮ ಹಿರಿಯರು ಮೊದಲು ಓಡಿದ್ದು ಮಾರಿಗುಡಿಗೇ. ಆಗ ಗುಡಿಯ ಬಾಗಿಲು ಭಕ್ತರಿಗೆ ಮುಚ್ಚಿತ್ತು, ಗೇಟಿನ ಹೊರಗೆ ನಿಂತು ಕೈಮುಗಿಯಬೇಕಿತ್ತು.

"ಹೋಗಿ ಬನ್ನಿ ಸುಂದರಿಯಕ್ಕ. ನಿಮ್ಮದು ಇಟ್ಟಿರ್ತೇನೆ" ಎಂದೆ.

ಗಂಟೆ ಮೂರಾಯಿತು. ಹಾಕಿಸಿಕೊಂಡ ಒಂಬತ್ತು ಜನರೂ ಮನೆಗೆ ಹೋಗಿಯಾಗಿತ್ತು. ಹೊರಗೆ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಸುಂದರಿ ಬರಲಿಲ್ಲ. ಮೂರೂಕಾಲಿಗೆ ಸಿಸ್ಟರ್ ಒಳಗಿನಿಂದ ಕೂಗಿದರು. "ಟೀಚರ್, ಒಂದು ಡೋಸ್ ಉಂಟು. ನಾಲ್ಕಕ್ಕೆ ಎಸೆಯಬೇಕು. ಯಾರನ್ನಾದರೂ ಕರೀರಿ ಮಾರಾಯ್ರೆ, ಇದು ಸಿಗದೆ ಜನ ಅಳ್ತಾ ಇದ್ದಾರೆ."

ಸುಂದರಿಯ ನಂಬರ್ ನನ್ನ ಕಂಪ್ಯೂಟರಿನ ಪರದೆಯ ಮೇಲೇ ಇತ್ತು. ಮಾರಿಗುಡಿ ಅಲ್ಲಿಂದ ಸ್ಕೂಟರಿನಲ್ಲಿ ನಾಲ್ಕು ನಿಮಿಷ. ನಾನು ಒಂದೇ ಒಂದು ಫೋನ್ ಮಾಡಿದೆ, ಅದು ತಮ್ಮನಿಗೆ.

ವಿನೀತ್ ಹತ್ತೇ ನಿಮಿಷದಲ್ಲಿ ಬಂದ. ಸಿಸ್ಟರಿಗೆ ಅವನು ಯಾರೆಂದು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಪಾಸ್‌ಪೋರ್ಟ್ ನಂಬರ್ ಹೊಡೆದೆ, ಹೊಸ ಫೋನ್ ನಂಬರ್ ಹೊಡೆದೆ, 'ಕೊಡಲಾಗಿದೆ' ಎಂದು ಒತ್ತಿದೆ. ಅವನು ತೋಳು ತಿಕ್ಕಿಕೊಳ್ಳುತ್ತಾ ಹಿಂದಿನ ಬಾಗಿಲಿನಿಂದ ಹೊರಟುಹೋದ. ಐದು ನಿಮಿಷಕ್ಕೆ ಮುಂದಿನ ಬಾಗಿಲಿನಲ್ಲಿ ಸುಂದರಿ ನಿಂತಿದ್ದಳು. ತೋಯ್ದು ತೊಪ್ಪೆಯಾಗಿದ್ದಳು, ಹಣೆಯಲ್ಲಿ ಗಂಧ. ಒಳಗಿನ ಪೂಜೆ ಮುಗಿದು ಯಾರಾದರೂ ಗೇಟಿನವರೆಗೆ ಗಂಧ ತಂದು ಕೊಡುವವರೆಗೆ ಮಳೆಯಲ್ಲೇ ನಿಂತಿದ್ದಳಂತೆ.

"ಮುಗಿದುಹೋಯಿತು ಸುಂದರಿಯಕ್ಕ. ಬರುವ ವಾರ ಬನ್ನಿ."

ಅವಳ ಮುಖದಲ್ಲಿ ಬೇಸರ ಕಾಣಲಿಲ್ಲ. ಪರೀಕ್ಷೆ ಮುಂದೆ ಹೋಯಿತು ಎಂದಾಗ ಮಕ್ಕಳ ಮುಖ ಹೇಗೆ ಅರಳುತ್ತದೋ ಹಾಗೆ ಅರಳಿತು. ಅದನ್ನು ನೋಡಿ ನನಗೂ ಸಮಾಧಾನವಾಯಿತು, ನಾಚಿಕೆಗೇಡು.

ಸಂಜೆ ವರದಿ ಕಳಿಸಲು ಕೂತಾಗ ಲೆಕ್ಕ ಕಣ್ಣಿಗೆ ಬಿತ್ತು. ಬಾಟಲಿ ಒಂದು, ಹೆಸರು ಹನ್ನೊಂದು. ಸುಂದರಿಯ ಹೆಸರನ್ನು ಮಧ್ಯಾಹ್ನವೇ ಒತ್ತಿಯಾಗಿತ್ತು. ಒಮ್ಮೆ ಒತ್ತಿದ್ದನ್ನು ತೆಗೆಯುವ ಅಧಿಕಾರ ನನ್ನ ಲಾಗಿನ್‌ಗೆ ಇರಲಿಲ್ಲ. ತೆಗೆಸಬೇಕೆಂದರೆ ಮೇಲಿನವರಿಗೆ ಬರೆಯಬೇಕು. ಬರೆದರೆ ಆ ದಿನದ ಪಟ್ಟಿ ತೆಗೆದು ಒಂದೊಂದೇ ಹೆಸರು ನೋಡುತ್ತಾರೆ. ಹನ್ನೊಂದನೆಯ ಹೆಸರು ನನ್ನ ತಮ್ಮನದು. ಇದ್ದದ್ದನ್ನು ಇದ್ದಂತೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಮೇಲಿನ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು.

"ಒಂದೇ ಬಾಟಲಿಯಲ್ಲಿ ಹನ್ನೊಂದು ಡೋಸ್ ತೆಗೆದಿದ್ದೀರಿ ಮೇಡಂ! ಬಾಟಲಿಯಲ್ಲಿ ಸ್ವಲ್ಪ ಹೆಚ್ಚೇ ಇರ್ತದೆ, ಹುಷಾರಿದ್ದವರಿಗೆ ಸಿಗ್ತದೆ. ನಿಮ್ಮ ಶಿಬಿರಕ್ಕೆ ಅಭಿನಂದನೆ."

ಹೊಗಳಿಕೆ ಕೇಳಿ ವಾಂತಿ ಬಂದದ್ದು ಜೀವನದಲ್ಲಿ ಅದೊಂದೇ ಸಲ.

ಮರುದಿನ ವಿನೀತನಿಗೆ ನೂರಮೂರು ಡಿಗ್ರಿ ಜ್ವರ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರಿಗೆ ತೋರಿಸಿದರೆ ಏನೆಂದು ಹೇಳುವುದು? ಮೂರನೆಯ ಸೂಜಿ ಎಂದು ಹೇಳುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತೆ. ಅವನಿಗೇನಾದರೂ ಆದರೆ ಅವನನ್ನು ಕೊಂದವಳು ನಾನೇ ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಸಂಜೆ ಐದಕ್ಕೆ ಬೆವರಿ ಎದ್ದು ಕೂತು "ಗಂಜಿ ಉಂಟಾ ಅಕ್ಕ" ಎಂದ. ನಾನು ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಶುಕ್ರವಾರ ಸುಂದರಿ ಮಗಳನ್ನು ಕರೆದುಕೊಂಡು ಶಿಬಿರಕ್ಕೆ ಬಂದಳು. ಧೃತಿ ಫೋನು ಮುಂದೆ ಹಿಡಿದಳು.

"ಟೀಚರ್, ಅಮ್ಮ ಹಾಕಿಸಲೇ ಇಲ್ಲ. ಹಾಕಿ ಆಗಿದೆ, ಮುಂದಿನದು ಎಂಬತ್ತನಾಲ್ಕು ದಿನದ ಮೇಲೆ ಅಂತ ಮೆಸೇಜ್ ಬಂದಿದೆ."

ಅವರಿಬ್ಬರನ್ನೂ ಪ್ರಯೋಗಾಲಯದ ಹಿಂದಿನ ಜಗಲಿಗೆ ಕರೆದುಕೊಂಡು ಹೋದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ತಪ್ಪು ಕಂಡರೆ ಸಿಡಿಮಿಡಿಗೊಳ್ಳುವ ನಾನು ಹತ್ತೊಂಬತ್ತರ ಹುಡುಗಿಯ ಮುಂದೆ ತಡವರಿಸಿದೆ. "ನನ್ನಿಂದ ತಪ್ಪಾಯಿತು. ಮೊದಲೇ ಒತ್ತಿಬಿಟ್ಟಿದ್ದೆ. ಆ ಡೋಸ್ ಬೇರೆಯವರಿಗೆ ಹೋಯಿತು. ನಾನು ಸರಿ ಮಾಡಿಸ್ತೇನೆ. ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ. ಹೇಳಿದರೆ ನನ್ನ ಕೆಲಸ ಹೋಗ್ತದೆ."

ಸುಂದರಿ ಎರಡೂ ಕೈಯಿಂದ ನನ್ನ ಕೈ ಹಿಡಿದಳು. "ಅಯ್ಯೋ, ನನ್ನಿಂದ ನಿಮಗೆ ತೊಂದರೆ ಆಯಿತಾ? ಹರಕೆ ಅಂತ ಎದ್ದು ಹೋದವಳು ನಾನಲ್ವಾ. ಮಾರಿಯಮ್ಮನ ಆಣೆ ಟೀಚರ್, ನಾನೂ ಹೇಳುವುದಿಲ್ಲ, ನನ್ನ ಮಗಳೂ ಹೇಳುವುದಿಲ್ಲ." ಮಗಳ ಕೈಯನ್ನೂ ಎಳೆದು ತನ್ನ ಹಣೆಯ ಗಂಧದ ಮೇಲೆ ಇಟ್ಟಳು. ಆಮೇಲೆ ಮೆಲ್ಲನೆ ಕೇಳಿದಳು. "ಮಣಿಪಾಲದ ಫ್ಲ್ಯಾಟಿನಲ್ಲಿ ಕಾಗದ ಇಲ್ಲದವರನ್ನು ವಾಚ್‌ಮನ್ ಒಳಗೆ ಬಿಡುವುದಿಲ್ಲ. ಈ ಮೆಸೇಜಿನ ಕಾಗದ ತೋರಿಸಿದರೆ ಆಗ್ತದಾ?"

ಆಗಬಾರದು ಎಂದು ಹೇಳಬೇಕಿತ್ತು. ಮನೆಯಲ್ಲೇ ಇರಿ ಎಂದು ಗದರಬೇಕಿತ್ತು. ಮಳೆಗಾಲ, ಮಲ್ಪೆಯ ಬೋಟುಗಳೆಲ್ಲ ದಡದಲ್ಲಿ, ಅವಳ ಗಂಡ ಚಂದು ಶೆಡ್ಡಿನಲ್ಲಿ ಬಲೆ ಕಟ್ಟುತ್ತಾ ಕೂತಿದ್ದ. ಇವಳು ಆ ಫ್ಲ್ಯಾಟುಗಳಲ್ಲಿ ಒಣಮೀನು ಮಾರಿದರೆ ಮನೆ ನಡೆಯುವುದು. ನನಗೆ ಬೇಕಾಗಿದ್ದದ್ದು ಅವಳ ಬಾಯಿ ಮುಚ್ಚಿರುವುದು. ಶಾಲೆಯ ಪ್ರಿಂಟರಿನಲ್ಲಿ ಪ್ರಮಾಣಪತ್ರ ತೆಗೆದು, ಮಳೆಗೆ ನೆನೆಯದಂತೆ ಲ್ಯಾಮಿನೇಟ್ ಮಾಡಿ ನಾನೇ ಅವಳ ಕೈಗೆ ಕೊಟ್ಟೆ.

ಮುಂದಿನ ವಾರ ನಡೆದದ್ದು ವಿಚಿತ್ರ. ಶೆಡ್ಡಿನ ಹೆಂಗಸರು ಸುಂದರಿಯನ್ನು ಸುತ್ತುವರಿದು ಜ್ವರ ಬಂತಾ, ಕೈ ನೋಯ್ತದಾ ಎಂದು ವಿಚಾರಿಸಿದರಂತೆ. ಅವಳು ತೋಳು ಬಿಚ್ಚಿ ತೋರಿಸಿ, "ಎಂತ ಇಲ್ಲ ಮಾರಾಯ್ತಿ, ಸೊಳ್ಳೆ ಕಚ್ಚಿದಷ್ಟೂ ಇಲ್ಲ" ಎಂದಳಂತೆ. ಅದು ನಿಜವೇ. ಚುಚ್ಚಿಯೇ ಇಲ್ಲವಲ್ಲ. ಅವಳ ತೋಳು ನೋಡಿ ಇನ್ನೂ ಇಪ್ಪತ್ತು ಜನ ಧೈರ್ಯ ಮಾಡಿ ಬಂದರು. "ಸುಂದರಿಗೆ ಹಾಕಿದ್ದನ್ನೇ ನಮಗೂ ಹಾಕಿ" ಎಂದು ಶಾರ್ಲೆಟ್ ಸಿಸ್ಟರಿಗೆ ಹೇಳುತ್ತಿದ್ದರು. ಸಿಸ್ಟರ್ ನೋಡುತ್ತಿದ್ದದ್ದು ತೋಳುಗಳನ್ನು, ಯಾರ ಹೆಸರು ಯಾವುದೆಂದು ಅವರಿಗೆ ತಿಳಿಯದು. ಚಮಚದ ಪಾಠ ಮಾಡಿ ನನಗೆ ಹತ್ತು ಜನ ಸಿಕ್ಕಿದ್ದರೆ, ಅವಳ ಸುಳ್ಳಿಗೆ ಇಪ್ಪತ್ತು. ಗುಲಾಬಿ ಒಬ್ಬಳು ಮಾತ್ರ ಇನ್ನೂ ನೋಡುವ ಎನ್ನುತ್ತಿದ್ದಳು. ಒಳ್ಳೆಯದೇ ಆಗುತ್ತಿದೆಯಲ್ಲ, ಯಾಕೆ ಕೆದಕಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೇಲಿನವರಿಗೆ ಬರೆಯಬೇಕಾದ ಕಾಗದವನ್ನು ಮೂರು ಸಲ ಬರೆದು ಮೂರು ಸಲ ಹರಿದೆ. ಇಪ್ಪತ್ತೆಂಟು ದಿನ ಮುಗಿಯಲಿ, ವಿನೀತನ ಎರಡನೆಯದು ಆಗಲಿ, ವಿಮಾನ ಹತ್ತಲಿ, ಆಮೇಲೆ ಬರೆದರಾಯಿತು. ಸುಂದರಿಗೆ ಅಷ್ಟರಲ್ಲಿ ಏನಾಗುತ್ತದೆ?

ಜುಲೈ ಒಂಬತ್ತರ ಬೆಳಿಗ್ಗೆ ಧೃತಿಯ ಫೋನು ಬಂತು. "ಟೀಚರ್, ಅಮ್ಮನಿಗೆ ಜ್ವರ ಶುರುವಾಗಿ ನಾಲ್ಕು ದಿನ ಆಯಿತು. ಈಗ ಉಸಿರು ಎಳೆಯುವಾಗ ಶಬ್ದ ಬರ್ತದೆ."

"ನಾಲ್ಕು ದಿನವಾ? ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?" ನಾನು ಕೂಗಿಯೇಬಿಟ್ಟೆ.

ಧೃತಿ ದನಿ ತಗ್ಗಿಸಿದಳು. "ಅಮ್ಮನೇ ಬೇಡ ಅಂತಾರೆ. ಅಲ್ಲಿ ಲಸಿಕೆ ಆಗಿದೆಯಾ ಅಂತ ಕೇಳ್ತಾರಂತೆ. ಹೌದು ಅಂದರೆ ರಕ್ತ ನೋಡಿ ಡಾಕ್ಟರಿಗೆ ಸುಳ್ಳು ಅಂತ ಗೊತ್ತಾಗ್ತದೆ, ಟೀಚರ್ ಕೆಲಸ ಹೋಗ್ತದೆ ಅಂತಾರೆ. ಇಲ್ಲೇ ಕಷಾಯ ಕುಡೀತಾ ಇದ್ದಾರೆ."

ಸ್ಕೂಟರ್ ಹೇಗೆ ಓಡಿಸಿದೆನೋ ತಿಳಿಯದು. ಅವರ ಮನೆಯ ಹೊಸ್ತಿಲಿನಲ್ಲಿ ನಿಂತು, ಒಳಗೆ ಚಾಪೆಯ ಮೇಲೆ ಮಲಗಿದ್ದವಳಿಗೆ ಹೇಳಿ ಹೇಳಿ ಆಂಬುಲೆನ್ಸ್ ಹತ್ತಿಸಿದೆ. "ಕೇಳಿದರೆ ಹಾಕಿಸಿಲ್ಲ ಅಂತಲೇ ಹೇಳಿ ಸುಂದರಿಯಕ್ಕ. ನನಗೆ ಏನೂ ಆಗುವುದಿಲ್ಲ" ಎಂದೆ. ಅವಳು ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಉಡುಪಿಯ ಆಸ್ಪತ್ರೆಯಲ್ಲಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಒಂದು ಡೋಸ್ ಆಗಿದೆ ಎಂದು ಚೀಟಿಯಲ್ಲಿ ಬರೆಸಿದ್ದಾಳೆ ಎಂದು ಆಮೇಲೆ ಧೃತಿ ಹೇಳಿದಳು. ಲ್ಯಾಮಿನೇಟ್ ಮಾಡಿದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗಿದ್ದಳಂತೆ.

ಹದಿನಾರರ ಶುಕ್ರವಾರ ಅವಳು ತೀರಿಕೊಂಡಳು.

ನಾನು ಶಾರ್ಲೆಟ್ ಸಿಸ್ಟರಿನ ಬಳಿ ಏನೂ ತಿಳಿಯದವಳಂತೆ ಕೇಳಿದೆ, ಜೂನ್ ಇಪ್ಪತ್ತೆರಡಕ್ಕೆ ಒಂದು ಡೋಸ್ ಬಿದ್ದಿದ್ದರೆ ಒಬ್ಬರು ಉಳಿಯಬಹುದಿತ್ತಾ ಎಂದು. ಒಂದು ಡೋಸಿಗೆ ಅಷ್ಟು ಬೇಗ ಪೂರ್ತಿ ಬಲ ಬರುವುದಿಲ್ಲ, ಹೇಳಲಿಕ್ಕೆ ಆಗುವುದಿಲ್ಲ ಎಂದರು. ವಿಜ್ಞಾನದ ಟೀಚರಿಗೆ ಆ ಉತ್ತರ ಸಾಕಾಗಬೇಕಿತ್ತು. ಆದರೆ ಆ ನಾಲ್ಕು ದಿನದ ಕಷಾಯಕ್ಕೆ, ಮಣಿಪಾಲದ ಫ್ಲ್ಯಾಟಿನ ಮೆಟ್ಟಿಲುಗಳಿಗೆ ಯಾವ ವಿಜ್ಞಾನವೂ ಉತ್ತರ ಕೊಡುವುದಿಲ್ಲ.

ಕೊರೋನಾ ಸಾವಾದ್ದರಿಂದ ಶವವನ್ನು ಮನೆಗೆ ತರಲಿಲ್ಲ. ಮೂರನೆಯ ದಿನಕ್ಕೆ ಕಡಲ ಬದಿಯಲ್ಲೆಲ್ಲ ಒಂದೇ ಮಾತು. ಸುಂದರಿ ಸೂಜಿ ಹಾಕಿಸಿಕೊಂಡಳು, ಇಪ್ಪತ್ತನಾಲ್ಕು ದಿನಕ್ಕೆ ಸತ್ತಳು. ಗುಲಾಬಿ ಅದನ್ನೇ ಫೋನಿನಲ್ಲಿ ಮಾತಾಡಿ ಕಳಿಸಿದಳು. ಅದು ಕಾರ್ಕಳ ದಾಟಿ ಹೆಬ್ರಿಯ ತನಕ ಹೋಗಿ ತಿರುಗಿ ನನ್ನ ಫೋನಿಗೇ ಬಂತು. ಒಂದು ಡೋಸ್ ಆದವರು ಎರಡನೆಯದು ಬೇಡವೇ ಬೇಡ ಎಂದರು. ಮಂಗಳವಾರದ ಶಿಬಿರಕ್ಕೆ ಹೆಸರು ಕೊಟ್ಟಿದ್ದ ನಲವತ್ತು ಜನ ಇಲ್ಲ ಎಂದರು. ಅದೇ ಪಟ್ಟಿಯಲ್ಲಿ ಧೃತಿಯ ಹೆಸರೂ ಇತ್ತು, ಅವಳು ಇನ್ನೂ ಇಲ್ಲ ಎಂದಿರಲಿಲ್ಲ. ಸುಂದರಿ ಹಾಕಿಸಿಕೊಂಡಿರಲೇ ಇಲ್ಲ ಎಂದು ಗೊತ್ತಿದ್ದದ್ದು ಇಡೀ ಊರಿನಲ್ಲಿ ಮೂವರಿಗೆ, ನನಗೆ, ನನ್ನ ತಮ್ಮನಿಗೆ, ಧೃತಿಗೆ.

ಸೋಮವಾರ ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರೂ ಸೇರುತ್ತಾರೆ ಎಂದು ಗೊತ್ತಾಯಿತು. ತವರಿಗೆ ಹೋಗಿ ವಿನೀತನಿಗೆ ಹೇಳಿದೆ, ಇವತ್ತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು. ಅವನ ಮುಖ ಬಿಳಿಚಿಕೊಂಡಿತು.

"ನಾಳೆಯೇ ನನ್ನ ಎರಡನೆಯದು ಅಕ್ಕ. ಒಂದು ದಿನ. ನಾಡಿದ್ದು ಹೇಳು, ನಾನೇ ನಿನ್ನ ಜೊತೆ ಬರ್ತೇನೆ."

"ನಾಡಿದ್ದು ಅಂತ ಹೇಳಿ ಹೇಳಿಯೇ ಅವಳು ಹೋದದ್ದು."

ಅವನು ಬಾಗಿಲಿಗೆ ಅಡ್ಡ ನಿಂತ. ಐವತ್ತು ದಾಟಿದ ನಾನು, ಐವತ್ತರ ಹತ್ತಿರದ ಅವನು, ಚಿಕ್ಕಂದಿನಲ್ಲಿ ಸೈಕಲ್ಲಿಗೆ ಕಿತ್ತಾಡಿದ ಹಾಗೆ ತಳ್ಳಾಡಿದೆವು. ಕೊನೆಗೆ ಅವನೇ ಪಕ್ಕಕ್ಕೆ ಸರಿದು ಗೋಡೆಗೆ ಹಣೆಯಿಟ್ಟು ನಿಂತ.

ಶೆಡ್ಡಿನಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು. ಒಂದು ಮೂಲೆಯಲ್ಲಿ ಚಂದು ಹರಿದ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ, ಅವನ ಪಕ್ಕ ಧೃತಿ. ನನ್ನನ್ನು ಕಂಡದ್ದೇ ಗುಜುಗುಜು ನಿಂತಿತು. ಪೊಲೀಸರು, ಪೇಪರು, ವಿಠಲರ ಮುಖ, ಎಲ್ಲ ಕಣ್ಣೆದುರು ಬಂದವು. ಆದರೂ ಹೇಳಿದೆ. ಬಾಟಲಿ, ಹತ್ತು ಹೆಸರು, ಮಾರಿಗುಡಿ, ಮಳೆ, ಒಂದು ಫೋನು, ನನ್ನ ತಮ್ಮ, ಪಾಸ್‌ಪೋರ್ಟ್, ಲ್ಯಾಮಿನೇಟ್ ಮಾಡಿದ ಕಾಗದ. ಒಂದನ್ನೂ ಬಿಡಲಿಲ್ಲ.

"ಸುಂದರಿಯಕ್ಕನನ್ನು ಕೊಂದದ್ದು ಸೂಜಿಯಲ್ಲ. ಸೂಜಿ ಅವರಿಗೆ ಬೀಳಲೇ ಇಲ್ಲ. ತಪ್ಪು ನನ್ನದು. ನನಗೆ ಎಂತ ಬೇಕಾದರೂ ಮಾಡಿ. ನೀವು ಮಾತ್ರ ನಾಳೆ ಬಂದು ಹಾಕಿಸಿಕೊಳ್ಳಿ."

ಬೈಗುಳಕ್ಕೆ ಕಾದು ನಿಂತೆ. ಯಾರಾದರೂ ಎದ್ದು ಕೆನ್ನೆಗೆ ಬಾರಿಸಿದ್ದರೆ ಬದುಕುತ್ತಿದ್ದೆ.

ಗುಲಾಬಿ ಎದ್ದು ನಿಂತಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಮರುಕವಿತ್ತು. "ಟೀಚರ್, ಯಾಕೆ ಹೀಗೆ ಮೇಲೆ ಎಳೆದುಕೊಳ್ತೀರಿ? ನಾಳೆ ಜನ ಬರುವುದಿಲ್ಲ ಅಂತ ಮೇಲಿನವರು ನಿಮ್ಮ ಮೇಲೆ ಒತ್ತಡ ಹಾಕಿದ್ದಾರೆ, ಅಲ್ವಾ? ಅದಕ್ಕೆ ಸುಳ್ಳು ಹೇಳಲಿಕ್ಕೆ ಕಳಿಸಿದ್ದಾರೆ."

"ಸುಳ್ಳಲ್ಲ ಗುಲಾಬಿ! ಮಾರಿಯಮ್ಮನಾಣೆ."

"ಸುಂದರಿ ನನಗೇ ತೋಳು ತೋರಿಸಿದ್ದಾಳೆ. ಕಾಗದ ಉಂಟು, ಅದರಲ್ಲಿ ಅವಳ ಹೆಸರು ಉಂಟು. ಆಸ್ಪತ್ರೆಯ ಚೀಟಿಯಲ್ಲೂ ಉಂಟು. ಸತ್ತವಳು ಸುಳ್ಳು, ಕಾಗದ ಸುಳ್ಳು, ನೀವು ಒಬ್ಬರು ನಿಜವಾ?"

ನಾನು ಧೃತಿಯ ಕಡೆ ತಿರುಗಿದೆ. "ಅವಳನ್ನು ಕೇಳಿ. ಅವಳಿಗೆ ಗೊತ್ತುಂಟು. ಹೇಳು ಧೃತಿ, ಅಮ್ಮ ಹಾಕಿಸಿಕೊಂಡಿರಲಿಲ್ಲ ಅಂತ ಹೇಳು."

ಎಲ್ಲರೂ ಅವಳತ್ತ ತಿರುಗಿದರು. ಚಂದು ಕೂಡ ಬಲೆಯಿಂದ ಕಣ್ಣೆತ್ತಿದ. ಧೃತಿ ಎದ್ದು ನಿಂತಳು. ತರಗತಿಯಲ್ಲಿ ಉತ್ತರ ಹೇಳಲು ಏಳುತ್ತಿದ್ದ ಹಾಗೆಯೇ ಕೈ ಹಿಂದೆ ಕಟ್ಟಿಕೊಂಡು, ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ ಹೇಳಿದಳು.

"ಅಮ್ಮ ಹಾಕಿಸಿಕೊಂಡಿದ್ದರು. ನಾನು ಜೊತೆಗೇ ಇದ್ದೆ. ಟೀಚರಿಗೆ ಬೇಸರದಲ್ಲಿ ತಲೆ ಕೆಟ್ಟಿದೆ."

ಹೆಂಗಸರು ನಿಟ್ಟುಸಿರು ಬಿಟ್ಟು ಒಬ್ಬೊಬ್ಬರಾಗಿ ಎದ್ದರು. ಇಬ್ಬರು ನನ್ನ ಭುಜ ತಟ್ಟಿ, ಮನೆಗೆ ಹೋಗಿ ಮಲಗಿ ಟೀಚರ್ ಎಂದರು. ನನ್ನ ಮಾತಿನಿಂದ ನನ್ನ ಕೆಲಸವೂ ಹೋಗಲಿಲ್ಲ, ವಿನೀತನತ್ತ ಯಾರೂ ಬೆರಳು ತೋರಿಸಲಿಲ್ಲ, ಒಬ್ಬರ ಮನಸ್ಸೂ ಬದಲಾಗಲಿಲ್ಲ. ನಾನು ಸ್ಕೂಟರಿನ ಕಡೆ ನಡೆದೆ.

ಧೃತಿ ಹಿಂದೆಯೇ ಬಂದಳು. ಸೊಂಟದ ಮೇಲೆ ಕೈಯಿಟ್ಟು ಬೈಯುವ ನನ್ನ ಎಂದಿನ ದನಿ ಎಲ್ಲಿ ಹೋಗಿತ್ತೋ, ಪಿಸುಗುಟ್ಟಿದೆ. "ಯಾಕೆ ಹಾಗೆ ಹೇಳಿದೆ ಮಗೂ?"

"ಅಪ್ಪನಿಗೆ ಗೊತ್ತಿಲ್ಲ ಟೀಚರ್. ಅಮ್ಮ ಹಾಕಿಸದೆ ಸುಳ್ಳು ಕಾಗದ ಇಟ್ಟುಕೊಂಡು ತಿರುಗಿದಳು, ಅದಕ್ಕೇ ಸತ್ತಳು ಅಂತ ಊರು ಮಾತಾಡುವುದನ್ನು ಅವರು ಕೇಳಬೇಕಾ? ಆಸ್ಪತ್ರೆಯಿಂದ ಕೊನೆಯ ಸಲ ಫೋನ್ ಮಾಡಿದಾಗ ಅಮ್ಮ ಆಣೆಯನ್ನು ನೆನಪಿಸಿದರು. ಬೇರೆ ಏನೂ ಹೇಳಲಿಲ್ಲ."

"ಆಯಿತು, ಅವರೆಲ್ಲ ಬರದಿದ್ದರೆ ಬೇಡ. ನಿನಗೆ ನಿಜ ಗೊತ್ತುಂಟಲ್ಲ. ನಾಳೆ ನೀನಾದರೂ ಬಾ. ನಿನ್ನ ಕಾಲಿಗೆ ಬೀಳ್ತೇನೆ."

ಅವಳು ಶೆಡ್ಡಿನ ಕಡೆ ತಿರುಗಿ ನೋಡಿದಳು. ಬಾಗಿಲಿನಲ್ಲಿ ಗುಲಾಬಿಯೂ ಇನ್ನು ಕೆಲವರೂ ನಿಂತು ನಮ್ಮನ್ನೇ ನೋಡುತ್ತಿದ್ದರು. ಆ ಹುಡುಗಿಯ ಕಣ್ಣಿನಲ್ಲಿ ನನ್ನ ಹೆದರಿಕೆಯೇ ನನಗೆ ಕಂಡಿತು.

"ಹೇಗೆ ಬರಲಿ ಟೀಚರ್? ಅಮ್ಮ ಹಾಕಿಸಿಕೊಂಡೇ ಸತ್ತರು ಅಂತ ಈಗಷ್ಟೇ ಎಲ್ಲರ ಎದುರು ಹೇಳಿ ಬಂದೆನಲ್ಲ."

ಮಾಸ್ಕ್ ಮೇಲಕ್ಕೆ ಎಳೆದುಕೊಂಡು ಅವಳು ಅಪ್ಪನ ಬಳಿಗೆ ಹೋದಳು.